ಹಿತ್ತಲಲ್ಲಿ ಸಿಕ್ಕ ವಿಗ್ರಹ

ಹಳೆ ಸಾಮಾನಿನ ವ್ಯಾಪಾರಿ ವಿಗ್ರಹಕ್ಕೆ ಉಪ್ಪು, ಹುಣಸೆಹುಳಿ ಸವರಿ ಮೇಲೊಂದಿಷ್ಟು ಮಣ್ಣು ಮೆತ್ತಿದ. ಹೋದ ವರ್ಷ ಎರಕ ಹೊಯ್ದ ಕಂಚು ಆಗಲೇ ಆರುನೂರು ವರ್ಷದ ಕಿಲುಬು ಹಿಡಿದು ಕೂತಿತ್ತು.

ಮಧ್ಯಾಹ್ನ ಬಂದ ಗಿರಾಕಿ ಭೂತಗನ್ನಡಿ ಹಿಡಿದು ನೋಡಿದರು. “ಎಲ್ಲಿ ಸಿಕ್ತು ಯಜಮಾನ್ರೇ?”

“ನಮ್ಮ ಹಿತ್ತಲಲ್ಲೇ ಸಾರ್, ಗುಂಡಿ ತೋಡುವಾಗ.”

“ಎಂಟು ಜನಕ್ಕೆ ಹೀಗೇ ಹೇಳಿದ್ದೀರಂತೆ. ನಾನು ಮ್ಯೂಸಿಯಂ ಅಧಿಕಾರಿ. ಅಂಥ ಹಿತ್ತಲನ್ನ ಬಿಡೋಕಾಗುತ್ತಾ? ಪೂರ್ತಿ ಅಗೆಸ್ತೀನಿ.”

ಅವರು ಕೈಬೀಸಿದ್ದೇ ತಡ, ಗುದ್ದಲಿ ಹಿಡಿದ ನಾಲ್ವರು ಜೀಪಿನಿಂದಿಳಿದು ಹಿತ್ತಲಿಗೆ ನಡೆದರು.

ವ್ಯಾಪಾರಿ ಅಧಿಕಾರಿಯ ಕಾಲಿಗೆ ಬಿದ್ದ. “ಸುಳ್ಳು ಹೇಳಿದೆ ಸಾರ್! ಇದು ಹೊಸದು. ನನ್ನ ಪಾಲುದಾರ ಎರಕ ಹೊಯ್ದಿದ್ದು. ಬೇಕಾದ್ರೆ ಜೈಲಿಗೆ ಹಾಕಿ, ಅಗೀಬೇಡಿ.”

“ಸರ್ಕಾರ ಬಂತು ಅಂದ್ರೆ ಎಲ್ಲರ ಮನೆ ದೇವರೂ ಹೊಸದಾಗ್ಬಿಡುತ್ತೆ,” ಎಂದು ಅಧಿಕಾರಿ ನಕ್ಕರು. “ಸರಿ, ಆ ಪಾಲುದಾರನ್ನ ಕರೀರಿ. ಅವನ ಬಾಯಲ್ಲೇ ಕೇಳೋಣ.”

ವ್ಯಾಪಾರಿ ಹಿತ್ತಲ ಕಡೆ ನೋಡಿದ. ಅಗೆತ ಆಗಲೇ ಶುರುವಾಗಿತ್ತು.

“ಆ ಕರಿಬೇವಿನ ಗಿಡದ ಬುಡ ಒಂದನ್ನ ಬಿಟ್ಟುಬಿಡಿ ಸಾರ್.”