ಡಾಂಬರಿನ ಕೆಳಗಿನ ಹೊಲ

ಉಳಿಯಿಂದ ಕೊರೆದ ಗೇಣಗಲದ ಡಾಂಬರಿನ ತುಂಡನ್ನು ಮೇಲೆತ್ತಿದಾಗ ಎಲ್ಲರೂ ಬಗ್ಗಿ ನೋಡಿದರು. ಆರು ದಿನ ಸುರಿದ ಮಳೆಯ ನೀರು ಡಾಂಬರು ಹಾಸಿನ ಅಂಚಿನಲ್ಲಿ ಇನ್ನೂ ನಿಂತಿತ್ತು. ಅದು ಕೆಳಕ್ಕೆ ಇಳಿದಿದ್ದರೆ, ಫ್ಲಾರೆನ್ಸಿನ ವೇಗದ ರೈಲಿನ ಹಳಿಯಡಿಯ ಮಣ್ಣು ನೆನೆಯದಿರಲೆಂದು ಹಾಸಿದ ಈ ಅರ್ಧ ಕಿಲೋಮೀಟರ್ ಡಾಂಬರನ್ನು ಪೂರ್ತಿ ಕೀಳಬೇಕು. ಅದನ್ನು ಹಾಸಿಸಿದ ಮೇಸ್ತ್ರಿ ನೆವಿಯೊ ಕೆಲಸ ಬಿಟ್ಟು ಮನೆಗೆ ಹೋಗಬೇಕು.

"ಡುಯಿಲಿಯೊ, ನೀನೇ ಕೈ ಹಾಕಿ ನೋಡಪ್ಪ. ಈ ಮಣ್ಣು ನಿನಗೆ ಗೊತ್ತು," ಎಂದರು ಇಂಜಿನಿಯರು.

ರೋಲರ್ ಓಡಿಸುವ ಡುಯಿಲಿಯೊ ಟೋಪಿ ತೆಗೆದು ಮಂಡಿಯೂರಿದ. ರೈಲಿನವರು ಕೊಳ್ಳುವ ಮೊದಲು ಇದು ಅವನ ಗೋಧಿ ಹೊಲ. ಮಳೆ ಬಿತ್ತೆಂದರೆ ಎತ್ತಿನ ಕಾಲನ್ನೂ ಹಿಡಿದು ಬಿಡದ ಜೇಡಿಮಣ್ಣು.

"ಬೇಗ ಹೇಳೋ ಮಾರಾಯ. ಹೆಂಡ್ತಿಗೆ ನಾನೇನು ಹೇಳ್ಲಿ?" ಎಂದ ನೆವಿಯೊ.

"ಸುಮ್ನಿರು. ನಿನ್ನಷ್ಟು ಅವಸರ ಮಣ್ಣಿಗಿಲ್ಲ."

ಡುಯಿಲಿಯೊ ಒಂದು ಹಿಡಿ ಕೆರೆದು ತೆಗೆದು, ಬಿತ್ತನೆಗೆ ಮೊದಲು ಹದ ನೋಡುತ್ತಿದ್ದ ಹಾಗೆಯೇ ಅಂಗೈಯಲ್ಲಿ ಹಿಸುಕಿದ. ಮಣ್ಣು ಉಂಡೆ ಕಟ್ಟಲಿಲ್ಲ. ಬೆರಳ ಸಂದಿಯಿಂದ ಧೂಳಾಗಿ ಉದುರಿತು.

ನೆವಿಯೊ ಶಿಲುಬೆಯ ಗುರುತು ಮಾಡಿಕೊಂಡು ಉಸಿರು ಬಿಟ್ಟ. ಡುಯಿಲಿಯೊ ಮಾತ್ರ ಏಳಲಿಲ್ಲ. ಖಾಲಿ ಅಂಗೈಯನ್ನೇ ನೋಡುತ್ತಿದ್ದ.

"ಒಂದು ಹನಿಯೂ ಇಳಿದಿಲ್ಲ ಇಂಜಿನಿಯರೇ," ಎಂದ. "ಇನ್ನಿಲ್ಲಿ ಹುಲ್ಲೂ ಹುಟ್ಟೋದಿಲ್ಲ. ಮುಚ್ಚಿಬಿಡಿ."