ಪೈಲವಾನನ ಅವ್ವ

ನೇಸರಿಯಿಂದ ಕೊಲ್ಲಾಪುರಕ್ಕೆ ಹೊರಟ ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರ್ ಮೂವರ ಸೀಟಿಗೆ ಶಿವವ್ವನನ್ನು ನಾಲ್ಕನೆಯವಳಾಗಿ ತುರುಕಿದ. "ನರಪೇತಲ ಅದಾಳ, ಹಿಡಸ್ತಾಳ!" ಗಾಳಿ ಬೀಸಿದರೆ ಹಾರಿಹೋಗುವಂಥ ಮೈ ಅವಳದು, ಊರೂ ಹಾಗೇ ಕರೆಯುತ್ತಿತ್ತು. ತೊಡೆಯ ಮೇಲಿನ ತುಪ್ಪದ ಡಬ್ಬಿ ಚೆಲ್ಲದಿದ್ದರೆ ಅವಳಿಗೆ ಸಾಕಾಗಿತ್ತು.

ತುಪ್ಪ ಕೊಲ್ಲಾಪುರದ ತಾಲೀಮಿನಲ್ಲಿ ಕುಸ್ತಿ ಕಲಿಯುವ ಮಗ ಕಾಡಸಿದ್ದನಿಗೆ. ಇಷ್ಟು ದಿನ ಊರಿನ ಯಾರದಾದರೂ ಕೈಯಲ್ಲಿ ಕಳಿಸುತ್ತಿದ್ದಳು. ಹೋರಿಯಂಥ ಮಗನ ಗೆಳೆಯರ ಮುಂದೆ ತನ್ನ ಕಡ್ಡಿ ಮೈ ತಂದು ನಿಲ್ಲಿಸಿ ಅವನ ಮಾನ ಕಳೆಯಬಾರದೆಂದೇ ತಾನು ಬಂದಿರಲಿಲ್ಲ. ಈ ಸಲ ಯಾರೂ ಸಿಗಲಿಲ್ಲ.

ತಾಲೀಮಿನೊಳಗೆ ಹೆಂಗಸರು ಕಾಲಿಡುವಂತಿಲ್ಲ. ಹೊಸ್ತಿಲಲ್ಲಿ ಡಬ್ಬಿ ಇಟ್ಟು ತಿರುಗಬೇಕೆನ್ನುವಷ್ಟರಲ್ಲಿ "ಅವ್ವಾ!" ಎಂದು ಮಗ ಮೈತುಂಬ ಕೆಂಪು ಮಣ್ಣು ಮೆತ್ತಿಕೊಂಡೇ ಓಡಿ ಬಂದ. ಹಿಂದೆ ಹುಡುಗರ ಹಿಂಡು. ಅವರಲ್ಲಿ ಗಡಹಿಂಗ್ಲಜ ಕಡೆಯ ಕೃಷ್ಣಾತ ಕಿಸಕ್ಕನೆ ನಕ್ಕ.

"ಮಗ ಇಷ್ಟ ದೊಡ್ಡ ಪೈಲವಾನ, ಅವ್ವ ನೋಡಿದ್ರ ನರಪೇತಲ!"

ಕುಸ್ತಿ ಕಲಿಸುವ ವಸ್ತಾದರದು ಮರಾಠಿ. ಕನ್ನಡ ತಿಳಿಯುತ್ತಿತ್ತು, ಈ ಮಾತು ಮಾತ್ರ ಹೊಸದು. "ನರಪೇತಲ ಮ್ಹಣಜೆ ಕಾಯ ರೇ?" ಎಂದು ಅರ್ಥ ಕೇಳಿದರು.

ಕೃಷ್ಣಾತ ನಾಲಗೆ ಕಚ್ಚಿಕೊಂಡ. ಕಾಡಸಿದ್ದನ ತಲೆ ತಗ್ಗಿತು. ಇದಕ್ಕೇ ತಾನು ಬರುತ್ತಿರಲಿಲ್ಲ ಎಂದುಕೊಂಡು ಶಿವವ್ವ ಸೆರಗು ಬಿಗಿದಳು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು.

"ನಾ ಹೇಳ್ತೇನ್ರಿ, ವಸ್ತಾದ." ಕಾಡಸಿದ್ದ ತಲೆ ಎತ್ತಿದ. ಕುಸ್ತಿಗೆ ಕರೆಯುವವನಂತೆ ಫಟ್ಟನೆ ತೊಡೆ ತಟ್ಟಿದ. "ಮನ್ಯಾಗಿನ ಹಾಲು, ಬೆಣ್ಣಿ, ತುಪ್ಪ ಎಲ್ಲಾ ಇಲ್ಲಿ ಬಂದೈತ್ರಿ. ನನಗ ಉಣಿಸಿ ಉಳಿದಾಕಿಗೆ ನರಪೇತಲ ಅಂತಾರ್ರಿ."

ವಸ್ತಾದರು ಬಗ್ಗಿ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಹಣೆಗೆ ಒತ್ತಿಕೊಂಡರು. ಶಿವವ್ವನ ಆ ಸಣ್ಣ ಎದೆಯಲ್ಲಿ ಹೆಮ್ಮೆ ಹಿಡಿಸಲಿಲ್ಲ.

ಸಂಜೆ ಬಸ್ಸಿನಲ್ಲಿ ಅದೇ ಕಂಡಕ್ಟರ್. "ಮಾವಶಿ, ಸ್ವಲ್ಪ ಸರೀರಿ, ಇನ್ನೊಬ್ರು ಕೂಡ್ತಾರ."

ಶಿವವ್ವ ಎರಡೂ ಮೊಣಕೈ ಅಗಲಿಸಿ ಕೂತಳು.

"ಸರಿಯಾಂಗಿಲ್ಲಪಾ. ಪೈಲವಾನನ ಅವ್ವಗ ಜಾಗ ಭಾಳ ಬೇಕು."