ಈಸ್ಟರ್ ದ್ವೀಪದ ಶುಕ್ಲಪಕ್ಷ

“ಚೌತಿ ಚಂದ್ರನ್ನ ನೋಡ್ಬಾರ್ದು ರೀ, ಸುಮ್ನೆ ಅಪವಾದ ಬರತ್ತೆ. ಒಳಗೆ ಬನ್ನಿ,” ಎಂದು ಅನಸೂಯ ಕರೆಯುತ್ತಿದ್ದರೂ ಯತೀಶ್ ಸಿಡ್ನಿಯ ಚಾಟ್ಸ್‌ವುಡ್‌ನ ಮನೆಯ ಬಾಲ್ಕನಿಯಲ್ಲಿ ಕತ್ತೆತ್ತಿ ನಿಂತೇಬಿಟ್ಟ. ಚಂದ್ರನ ಎಡಗಡೆ ಬೆಳಗುತ್ತಿತ್ತು.

ಕೈಯಲ್ಲಿ ಈಸ್ಟರ್ ದ್ವೀಪದ ಹಳೆಯ ಮರದ ಹಲಗೆಯ ಫೋಟೊ ಇತ್ತು. ಅದರಲ್ಲಿ ಕೆತ್ತಿದ ಚಿಹ್ನೆಗಳು ಒಂದು ತಿಂಗಳ ಪಂಚಾಂಗವೆಂದು ಏಳು ವರ್ಷದ ರಜಾದಿನಗಳನ್ನೆಲ್ಲ ಸುರಿದು ಬಿಡಿಸಿದ್ದ. ನಾಳೆ ಮೆಲ್ಬರ್ನ್‌ನಲ್ಲಿ ಅದರದೇ ಭಾಷಣ. ಹಲಗೆಯಲ್ಲಿ ಬಲಕ್ಕೆ ಉಬ್ಬಿದ ಚಂದ್ರನನ್ನು, ಮೈಸೂರಿನಲ್ಲಿ ಕಂಡ ರೂಢಿಯಂತೆ, ಶುಕ್ಲಪಕ್ಷವೆಂದೇ ಓದಿದ್ದ. ಆ ದ್ವೀಪವೋ ಸಿಡ್ನಿಯ ಹಾಗೆಯೇ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ಅಲ್ಲಿಯೂ ಬೆಳೆಯುವ ಚಂದ್ರ ಎಡಕ್ಕೇ ಉಬ್ಬುತ್ತಾನೆ. ಅವನ ತಿಂಗಳು ಪೂರ್ತಿ ಹಿಂದುಮುಂದಾಗಿತ್ತು.

“ನೋಡೇಬಿಟ್ರಾ?” ಅನಸೂಯ ಹಣೆ ಚಚ್ಚಿಕೊಂಡಳು.

“ಹೂಂ ಕಣೆ, ಈ ಊರಿಗೆ ಬಂದ್ಮೇಲೆ ಇವತ್ತೇ ಮೊದಲು ನೋಡಿದ್ದು. ನಾಳೆ ಮೈಕ್ ಹಿಡ್ಕೊಂಡು ಅದನ್ನೇ ಹೇಳ್ಬೇಕು,” ಎಂದ.